ಬರೀ ಬ್ಯಾಗು ಕೊಡಬಾರದು

ಪೇಟೆಗೆ ಹೋಗಿ ವೈರು ಕೊಂಡು ಬಸ್ಸಿಳಿದು ಮನೆಗೆ ಬಂದರೆ, ಬಾಗಿಲ ಚಿಲಕಕ್ಕೆ ಹಸಿರು ವೈರ್ ಬ್ಯಾಗೊಂದು ನೇತಾಡುತ್ತಿತ್ತು. ಅದರ ಒಂದು ಹಿಡಿ ಕಿತ್ತು ಬಂದಿತ್ತು. ಇನ್ನೊಂದು ಹಿಡಿಯ ಮೇಲೆ ಭಾರ ಹಾಕಿಕೊಂಡು ಒಂದು ಕಡೆಗೆ ವಾಲಿತ್ತು. ಒಳಗೆ ಅರ್ಧ ಬ್ಯಾಗು ಅವರೆಕಾಯಿ. ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ನಾನೇ ಹೆಣೆದು ಬೋರೇಗೌಡನಿಗೆ ಕೊಟ್ಟ ಬ್ಯಾಗು ಅದು.

"ಬೋರ ಬಂದಿದ್ನಾ? ಕೂರುಸ್ಕೊಳೋದಲ್ವಾ?" ಅಂದೆ, ಒಳಗಿದ್ದ ಹೆಂಡತಿ ಸಾವಿತ್ರಿಗೆ.

"ಕೂತ್ಕಳಿ ಬೋರಣ್ಣ, ಕಾಪಿ ಕಾಯ್ಸ್ತೀನಿ ಅಂದೆ. ನಿಲ್ನೇ ಇಲ್ಲ. ಬ್ಯಾಗ ಸಿಗಾಕ್ಬುಟ್ಟು, 'ಹಿಡಿ ಹಾಕೋಕೆ ಎಷ್ಟಾಯ್ತದೆ ಅಂತ ಕೇಳಿಡವ್ವ' ಅಂದ್ಬುಟ್ಟು ಡೈರಿ ಕಡೀಕೆ ಹೊರಟೋದ್ರು."

ಎಷ್ಟಾಯ್ತದೆ! ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತು, ನನ್ನ ಸ್ಲೇಟನ್ನು ತನ್ನ ಎಂಜಲಿನಲ್ಲಿ ಒರೆಸಿ, ನನ್ನ ಮದುವೆಯಲ್ಲಿ ನನಗಿಂತ ಮೊದಲು ಊಟಕ್ಕೆ ಕೂತ ಮನುಷ್ಯ, ನನ್ನ ಹೆಂಡತಿಯ ಹತ್ತಿರ ರೇಟು ಕೇಳಿ ಹೋಗಿದ್ದಾನೆ. ಹಿಡಿ ಕಿತ್ತದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಸುಮ್ಮನೆ ಕೂತೆ. ಇಲ್ಲಿಗೆ ಹೇಗೆ ಬಂದೆವು ಎಂಬುದನ್ನು ಹೇಳಲು ಸ್ವಲ್ಪ ಹಿಂದಿನ ಸ್ಟಾಪಿನಿಂದ ಹತ್ತಬೇಕು. ನೀವೂ ಹತ್ತಿ, ಒಳಗೆ ಜಾಗ ಇದೆ.

ನಾನು ನಿವೃತ್ತ ಬಸ್ ಕಂಡಕ್ಟರು. ನನ್ನ ಸರ್ವೀಸಿನ ಬಹುಪಾಲು ಕೃಷ್ಣರಾಜಪೇಟೆಯಿಂದ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿಬರುವುದರಲ್ಲೇ ಕಳೆಯಿತು. ಕಂಡಕ್ಟರಿಗೆ ಜನರ ಮುಖ ನೆನಪಿರುತ್ತದೆ ಎಂದು ನೀವು ತಿಳಿದಿದ್ದರೆ ತಪ್ಪು. ಕಿಕ್ಕಿರಿದ ಬಸ್ಸಿನಲ್ಲಿ ಮುಖ ಎಲ್ಲಿ ಕಾಣುತ್ತದೆ? ಕಾಣುವುದು ಕಂಬಿ ಹಿಡಿದ ಕೈ ಮತ್ತು ಕಾಲಿಗೆ ಎಡವುವ ಬ್ಯಾಗು. ಸಂತೆಬಾಚಹಳ್ಳಿಯ ಸಂತೆಯ ದಿನವಂತೂ ಬಸ್ಸಿನ ತುಂಬ ವೈರ್ ಬ್ಯಾಗುಗಳೇ. ಕೆಂಪಿಗೆ ಬಿಳಿ ಚೌಕುಳಿ ಇದ್ದರೆ ಅದು ಟೀಚರಮ್ಮನದು. ಹಳದಿ ಬ್ಯಾಗಿನಿಂದ ನುಗ್ಗೆಕಾಯಿ ಆಚೆಗೆ ಚಾಚಿಕೊಂಡಿದ್ದರೆ ಅದು ಇಳಿಯುವ ಹೊತ್ತಿಗೆ ಯಾರದ್ದಾದರೂ ಕಣ್ಣಿಗೆ ಚುಚ್ಚದೆ ಇರುವುದಿಲ್ಲ. ಒಮ್ಮೆ ಒಬ್ಬ ಅಜ್ಜಿಯ ಬ್ಯಾಗಿನೊಳಗಿಂದ ಸದ್ದು ಬಂತು. "ಏನಜ್ಜಿ ಅದು, ಕೋಳಿಯಾ? ಲಗೇಜ್ ತಗೋಬೇಕು" ಅಂದೆ. "ಸೊಪ್ಪು ಕಣಪ್ಪ" ಅಂದಳು ಅಜ್ಜಿ. ಅಷ್ಟರಲ್ಲಿ ಆ ಸೊಪ್ಪು ಕತ್ತು ಆಚೆ ಹಾಕಿ ನನ್ನನ್ನೇ ನೋಡಿತು. ಅಜ್ಜಿ ಅದರ ತಲೆಯನ್ನು ಒಳಗೆ ಒತ್ತಿ, "ಬಲೇ ಬಿಸ್ಲು, ಸೊಪ್ಪು ಬಾಡೋಯ್ತದೆ" ಅಂದಳು. ಇಡೀ ಬಸ್ಸು ನಕ್ಕಿತು. ನಾನು ಹಿಂದಿನ ಸೀಟಿಗೆ ಹೋದೆ, ಆ ಕೋಳಿಗೆ ಟಿಕೆಟ್ ಕೊಡುವ ಮನಸ್ಸು ಬರಲಿಲ್ಲ.

ಕೋಳಿಯನ್ನು ಬಿಟ್ಟರೆ ಬೇರೆ ಯಾರನ್ನೂ ಬಿಟ್ಟವನಲ್ಲ ನಾನು. ನನ್ನ ಸೋದರಮಾವನಿಗೂ ಟಿಕೆಟ್ ಹರಿದು ಕೊಟ್ಟವನು. "ಎಲ್ಲಿಗೆ?" ಎಂದು ನಾನು ಕೇಳಿದರೆ ಸುಳ್ಳು ಸ್ಟಾಪು ಹೇಳುವ ಧೈರ್ಯ ಈ ತಾಲ್ಲೂಕಿನಲ್ಲಿ ಯಾರಿಗೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ಸ್ವಲ್ಪ ಜಂಬವೂ ಇದೆ, ಇರಲಿ.

ಇಂಥವನಿಗೆ ಬ್ಯಾಗು ಹೆಣೆಯುವುದು ಎಲ್ಲಿಂದ ಬಂತು ಎಂದರೆ, ಕಾಲಿನ ಹೆಬ್ಬೆರಳಿನಿಂದ ಬಂತು. ನಾನು ಹುಡುಗನಾಗಿದ್ದಾಗ ಅಕ್ಕಿಹೆಬ್ಬಾಳಿನಲ್ಲಿ ನಮ್ಮ ಗೌರಿ ಚಿಕ್ಕಮ್ಮನ ಮನೆಯಲ್ಲಿ ರಜೆ ಕಳೆಯುತ್ತಿದ್ದೆ. ಆಗ ವೈರ್ ಬ್ಯಾಗಿನ ಹುಚ್ಚು ಊರಿನ ಹೆಂಗಸರಿಗೆಲ್ಲ ಹಿಡಿದಿತ್ತು. ಚಿಕ್ಕಮ್ಮ ನಡುಮನೆಯ ಕಂಬದಿಂದ ಬಾಗಿಲವರೆಗೆ ವೈರನ್ನು ಅಳೆದು ಕತ್ತರಿಸುತ್ತಿದ್ದಳು. ಮೊದಲ ಸಾಲು ಬಿಗಿಯಾಗಿ ನಿಲ್ಲಲು ಎಲ್ಲರೂ ಕಿಟಕಿಯ ಸರಳಿಗೆ ಕಟ್ಟಿಕೊಂಡರೆ, ಚಿಕ್ಕಮ್ಮ ನನ್ನನ್ನು ಕಾಲು ಚಾಚಿ ಕೂರಿಸಿ ನನ್ನ ಹೆಬ್ಬೆರಳಿಗೆ ಕಟ್ಟುತ್ತಿದ್ದಳು. "ಅಳ್ಳಾಡ್ಬೇಡ ಕಣೋ ಮಗ, ಗಂಟು ಸಡ್ಲ ಆಯ್ತದೆ" ಎನ್ನುತ್ತಿದ್ದಳು. ನಾನು ಸರಳಿನ ಹಾಗೆ ಕೂತಿರುತ್ತಿದ್ದೆ. ಅದಕ್ಕೆ ಕೂಲಿ, ಒಂದು ಅಚ್ಚು ಬೆಲ್ಲದ ಮೂಲೆ.

ಆದರೆ ಅಕ್ಕಿಹೆಬ್ಬಾಳಿಗೆ ರೈಲು ಬರುತ್ತದಲ್ಲ! ಅದು ಕೂಗಿತೆಂದರೆ ಹುಡುಗರೆಲ್ಲ ಸ್ಟೇಷನ್ನಿಗೆ ಓಡಬೇಕು, ಅದು ಹುಡುಗರ ಕಾನೂನು. ಒಂದು ಮಧ್ಯಾಹ್ನ ರೈಲು ಕೂಗಿದ್ದೇ ತಡ, ಹೆಬ್ಬೆರಳಿಗೆ ಕಟ್ಟಿದ್ದು ಮರೆತು ನಾನೂ ಓಡಿದೆ. ಹಿಂದೆ ಗುಲಾಬಿ ಬಣ್ಣದ ಅರ್ಧ ಬ್ಯಾಗು, ಅದರ ಹಿಂದೆ ವೈರಿನ ಬಾಲಗಳು, ಅದರ ಹಿಂದೆ ಚಿಕ್ಕಮ್ಮ. ರೈಲಿನಲ್ಲಿದ್ದವರು ಕಿಟಕಿಯಿಂದ ಬಗ್ಗಿ ನೋಡಿ ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಗೆ ಅಲ್ಲಾಡದೆ ಕೂತು ನೋಡಿ ನೋಡಿಯೇ ಆ ಗಂಟು ನನಗೆ ಬಂದುಬಿಟ್ಟಿತು. ಗಂಡುಹುಡುಗ ಬ್ಯಾಗು ಹೆಣೆಯುತ್ತಾನೆ ಎಂದು ಯಾರಿಗೂ ಹೇಳಲಿಲ್ಲ, ಅಷ್ಟೇ.

ನಿವೃತ್ತಿಯಾದ ಮೇಲೆ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರನ್ನೂ "ಎಲ್ಲಿಗೆ?" ಎಂದು ಕೇಳಲು ಆಗುತ್ತಿರಲಿಲ್ಲ. ಸಾವಿತ್ರಿಯನ್ನು ಕೇಳಿದೆ. "ಅಡಿಗೆಮನೆಗೆ. ಟಿಕೆಟ್ ಕೊಡ್ತೀರಾ?" ಅಂದಳು. ಜಗಲಿಯ ಮೇಲೆ ಬರೀ ಕೈಯಲ್ಲಿ ಕೂತು ದಾರಿಹೋಕರನ್ನು ಕೇಳಿದರೆ, ಇವನಿಗ್ಯಾಕೆ ಎನ್ನುವ ಹಾಗೆ ನೋಡುತ್ತಿದ್ದರು. ಕೈಗೆ ಏನಾದರೂ ಕೆಲಸ ಇರಲಿ ಎಂದು ಪೇಟೆಯಿಂದ ಒಂದೆರಡು ಕಟ್ಟು ವೈರು ತಂದು ಹೆಣೆಯತೊಡಗಿದೆ. ಮದ್ದು ನಾಟಿತು. ಮೀಸೆ ಬೆಳ್ಳಗಾದ ಗಂಡಸು ಜಗಲಿಯ ಮೇಲೆ ವೈರ್ ಬ್ಯಾಗು ಹೆಣೆಯುತ್ತಾನೆ ಎಂದರೆ ನಿಲ್ಲದೆ ಹೋಗುವವರು ಯಾರು? ಮೊದಲು ನಗಲು ನಿಂತರು, ಆಮೇಲೆ ಬಣ್ಣ ಹೇಳಲು ನಿಂತರು, ಆಮೇಲೆ ಕೂತರು. ನಿಂತವರನ್ನು ನಾನು ತಲೆಯೆತ್ತದೆ "ಎಲ್ಲಿಗೆ?" ಎಂದು ಕೇಳುತ್ತಿದ್ದೆ. ಅವರು ಹೇಳುತ್ತಿದ್ದರು. ಮಗಳ ಮನೆಗೆ, ಆಸ್ಪತ್ರೆಗೆ, ಪಾಂಡವಪುರದಲ್ಲಿ ಹೆಣ್ಣು ನೋಡೋಕೆ, ಸುಮ್ಮನೆ. ನನ್ನ ಬಸ್ಸು ನಿಂತಲ್ಲೇ ಮತ್ತೆ ಹೊರಟಿತ್ತು.

ಮೊದಲ ಬ್ಯಾಗು ಬೋರೇಗೌಡನಿಗೆ. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ತೂಗಾಡಿಸುತ್ತ ಬರುವವನು ದಿನಾ ಸಂಜೆ ಜಗಲಿ ಹತ್ತುತ್ತಿದ್ದ.

"ಏನ್ಲಾ ಶಿವ, ಹೆಣ್ಮಕ್ಳು ಕೆಲ್ಸ ಹಿಡ್ದಿದ್ದೀಯಲ್ಲಾ. ನಾಳೀಕೆ ರಂಗೋಲಿ ಬುಡ್ತೀಯಾ?"

"ಬುಡ್ತೀನಿ. ನಿನ್ನ ಮನೆ ಮುಂದೆ ಬುಡ್ತೀನಿ, ಬೇಡ ಅಂದವರ್ಯಾರ್ಲಾ?" ಎಂದು ಹೇಳಿ ಹಸಿರು ಬ್ಯಾಗನ್ನು ಅವನ ಕೈಗಿಟ್ಟೆ. ಆಗ ಸಾವಿತ್ರಿ ಒಳಗಿಂದ ಓಡಿಬಂದಳು. "ಅಯ್ಯೋ, ಬರೀ ಬ್ಯಾಗ್ ಕೊಟ್ಟು ಕಳುಸ್ತಾರಾ? ಹೊಸಾ ಬ್ಯಾಗು!" ಎಂದು ಒಂದು ತೆಂಗಿನಕಾಯಿಯನ್ನೂ ವೀಳ್ಯದೆಲೆಯನ್ನೂ ಒಳಗಿಟ್ಟಳು. ಮಾರನೆಯ ದಿನ ಅದೇ ಬ್ಯಾಗಿನಲ್ಲಿ ಬೋರೇಗೌಡನ ಮನೆಯಿಂದ ಗಿಣ್ಣಿನ ಹಾಲು ಬಂತು. ಕೊಟ್ಟ ಪಾತ್ರೆ, ಕೊಟ್ಟ ಬ್ಯಾಗು ಬರಿದಾಗಿ ಹೋಗಬಾರದು, ಬರಿದಾಗಿ ಬರಬಾರದು. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಲು ಕುಡಿಯುವಾಗಲೇ ಬಂದುಬಿಟ್ಟಿರುತ್ತದೆ. ಹೀಗೆ ಊರಿನ ಮನೆಮನೆಗೂ ನನ್ನ ಬ್ಯಾಗು ಹೋಯಿತು, ನಮ್ಮ ಅಡಿಗೆಮನೆಗೆ ಊರಿನ ಹುರುಳಿ, ಹುಣಸೆ, ಸೌತೆಕಾಯಿ ಬಂತು.

ಇಷ್ಟಕ್ಕೆ ನಿಂತಿದ್ದರೆ ನಾನೂ ಸುಖವಾಗಿರುತ್ತಿದ್ದೆ, ನೀವೂ ಇಳಿದು ಹೋಗಬಹುದಿತ್ತು. ಆದರೆ ಮಗಳು ಸುಮಾ ನಾಗಮಂಗಲದಿಂದ ಬಂದಳು. ಅಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಮನೆಗೆ ಬಂದರೆ ನಮಗೂ ಮಾಡುತ್ತಾಳೆ.

"ಅಪ್ಪ, ಇದನ್ನ ಜನ ಆನ್‌ಲೈನಲ್ಲಿ ಹುಡುಕ್ಕೊಂಡು ತಗೋತಾರೆ ಗೊತ್ತಾ? ನೀನು ಪುಕ್ಕಟೆ ಹಂಚ್ತಾ ಕೂತಿದ್ದೀಯ. ಮನೇಲೇ ಒಂದು ಸಣ್ಣ ಬಿಸಿನೆಸ್ ಮಾಡು. ಹೆಸರೂ ಆಗುತ್ತೆ, ಹೊತ್ತೂ ಹೋಗುತ್ತೆ."

"ಹೊತ್ತು ಈಗ್ಲೂ ಹೋಗ್ತಾ ಐತಲ್ಲವ್ವ" ಅಂದೆ. ಆದರೆ ಒಳಗೊಳಗೇ ಆಸೆ ಹುಟ್ಟಿತು. ಆಸೆ ದುಡ್ಡಿನದಲ್ಲ, ಬೋರ್ಡಿನದು. ಬಸ್ಸಿಗೆ ಬೋರ್ಡು ಹಾಕಿಸಿಕೊಂಡೇ ಬದುಕಿದವನು ನಾನು, ನನ್ನ ಹೆಸರಿನದೇ ಒಂದು ಬೋರ್ಡು ಯಾವತ್ತೂ ಇರಲಿಲ್ಲ. ಮಾಡಲೋ ಬೇಡವೋ ಎಂದು ವಾರಗಟ್ಟಲೆ ತೂಗಿ ನೋಡಿದೆ. ಸಾವಿತ್ರಿಯನ್ನು ಕೇಳಿದರೆ, "ಮಾಡಿ, ಆದ್ರೆ ವೈರ್ ಚೂರು ಸಾರಿಗೆ ಬೀಳ್ದಂಗೆ ಮಾಡಿ" ಅಂದಳು. ಬೋರೇಗೌಡನನ್ನು ಕೇಳಿದೆ. ಅವನು ಎಲೆಗೆ ಸುಣ್ಣ ಸವರುತ್ತ, "ನಿಂಗೆ ಸರಿ ಕಂಡ್ರೆ ಮಾಡ್ಲಾ. ನಾ ಏನೇಳ್ಲಿ" ಅಂದ. ಅವನು ಅಷ್ಟು ಚಿಕ್ಕದಾಗಿ ಮಾತು ಮುಗಿಸುವವನೇ ಅಲ್ಲ. ನನಗೆ ಆಗಲೇ ಅರ್ಥವಾಗಬೇಕಿತ್ತು.

ನಾವು ಇನ್ನೂ ತೂಗುತ್ತಿರುವಾಗಲೇ ಸುಮಾ ಫ್ಲೆಕ್ಸು ಮಾಡಿಸಿಕೊಂಡು ಬಂದಳು. ಹಾಸಿಗೆಯಷ್ಟು ದೊಡ್ಡದು. 'ಶಿವಣ್ಣನವರ ಕೈಹೆಣಿಗೆ ಬ್ಯಾಗುಗಳು' ಎಂದು ಬರೆದು, ಪಕ್ಕದಲ್ಲಿ ನನ್ನ ಫೋಟೋ. ಅವಳ ಫೋನಿನಲ್ಲಿ ನನ್ನದು ಒಳ್ಳೆಯದೆಂದು ಸಿಕ್ಕಿದ್ದು ಒಂದೇ ಫೋಟೋ, ನಿವೃತ್ತಿಯ ದಿನ ಡಿಪೋದಲ್ಲಿ ತೆಗೆದದ್ದು. ಕತ್ತಿನ ತುಂಬ ಸೇವಂತಿಗೆ ಹಾರ, ಮುಖದಲ್ಲಿ ಒಂದು ಶಾಂತಿ. ಅದನ್ನು ಜಗಲಿಯ ಮೇಲಕ್ಕೆ ಕಟ್ಟಿದ ಅರ್ಧ ಗಂಟೆಗೆ, ದಾರಿಯಲ್ಲಿ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ನನ್ನ ಜೊತೆ ಕೆಲಸ ಮಾಡಿದ ಡ್ರೈವರ್ ನಂಜಪ್ಪ ಕೆಳಗಿಳಿದು, ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು ಬಂದ. ಒಳಗಿಂದ ಬಂದ ಸಾವಿತ್ರಿಯನ್ನು ನೋಡಿ, "ಯಾವಾಗ ಆಯ್ತಕ್ಕ? ಒಂದ್ ಮಾತು ತಿಳುಸ್ಲಿಲ್ವಲ್ಲ" ಎಂದು ಕಣ್ಣೊರೆಸಿಕೊಂಡ. ಅವನ ಹಿಂದೆ ಬಸ್ಸಿನ ಅರ್ಧ ಜನ. ನಾನು ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಒಬ್ಬ ಹೆಂಗಸು ಕಿಟಾರನೆ ಕಿರುಚಿಕೊಂಡಳು. ನಂಜಪ್ಪನಿಗೆ ಸಂತೋಷವಾಯಿತೋ ನಿರಾಸೆಯಾಯಿತೋ ಹೇಳಲಾರೆ. "ಮಾಲೆ ತೆಗ್ಸಿ ಫೋಟೋ ಹಾಕ್ಸಬೇಕು ಕಣ್ಲಾ ಮೂದೇವಿ" ಎಂದು ಬೈದು, ಕಾಫಿ ಕುಡಿದು ಹೋದ. ಬಸ್ಸು ಅಷ್ಟು ಹೊತ್ತೂ ಕಾದಿತ್ತು.

ವ್ಯಾಪಾರವೆಂದರೆ ಬೆಲೆ ಹೇಳಬೇಕು. ಇಡೀ ಬಸ್ಸಿಗೆ ಕೇಳುವಂತೆ "ಯಾರ್ರೀ ಟಿಕೆಟ್ಟು" ಎಂದು ಕೂಗಿದ ಗಂಟಲು ನನ್ನದು. ಮೊದಲ ಗಿರಾಕಿ ಬ್ಯಾಗನ್ನು ತಿರುಗಿಸಿ ನೋಡಿ "ಎಷ್ಟು ಕೊಡ್ಲಿ?" ಅಂದಾಗ ಅದೇ ಗಂಟಲು ಕಟ್ಟಿಕೊಂಡಿತು. ಬಸ್ಸಿನಲ್ಲಿ ದುಡ್ಡು ಕೇಳುತ್ತಿದ್ದುದು ಸರ್ಕಾರ, ನಾನಲ್ಲ. ಖಾಕಿ ಷರಟು ಬಿಚ್ಚಿದ ಮೇಲೆ ನನಗೆ ಯಾರ ಹತ್ತಿರವೂ ಕೈ ಚಾಚಿ ಅಭ್ಯಾಸವಿಲ್ಲ. "ನೋಡ್ಕೊಂಡು ಕೊಡಿ" ಅಂದೆ. ಆಕೆ ನೋಡಿಕೊಂಡಳು, ನಕ್ಕಳು. "ಬಸ್ಸೇ ಫ್ರೀ ಮಾಡವ್ರೆ ನಮ್ಗೆ. ಬಸ್ಸಲ್ಲಿ ಇಡ್ಕೊಂಡೋಗೋ ಬ್ಯಾಗಿಗೆ ದುಡ್ಡಾ ಕಂಡಕ್ಟ್ರಣ್ಣ?" ಅಂದಳು. ಅದೂ ನ್ಯಾಯವೇ ಎನ್ನಿಸಿತು.

ಆಮೇಲೆ ಬಂದವರು ಸಂತೆಬಾಚಹಳ್ಳಿ ಕಡೆಯ ಪುಟ್ಟತಾಯಮ್ಮನವರು. ಮಗಳ ಮದುವೆಗೆ ಬರುವ ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡಲು ಚಿಕ್ಕ ಬ್ಯಾಗುಗಳು ಬೇಕೆಂದರು. ಎಲ್ಲವೂ ಗುಲಾಬಿ ಬಣ್ಣ, ಎಲ್ಲವೂ ಒಂದೇ ಅಳತೆ. ಈ ಬಾರಿ ಸುಮಾ ಫೋನಿನಲ್ಲೇ ಬೆಲೆ ಹೇಳಿ ನನ್ನ ಮಾನ ಕಾದಳು. ಆದರೆ ನಾನು ನನ್ನ ಹಳೆಯ ಚಟಕ್ಕೆ ಬಾಯಿಬಿಟ್ಟು, "ಯಾವೂರಾಯ್ತು ತಾಯಿ ತವರು?" ಎಂದು ಕೇಳಿಬಿಟ್ಟೆ. ಅಂಗಡಿ ಇಟ್ಟವನು ನಮ್ಮ ಸೀಮೆಯಲ್ಲಿ ಗಿರಾಕಿಯನ್ನು ಕೇಳಬಾರದ ಪ್ರಶ್ನೆ ಅದೊಂದೇ. ಅವರು ಊರು ಹೇಳಿದರು. ಒಳಗಿಂದ ಸಾವಿತ್ರಿ, "ಆ ಊರಾ? ಅಲ್ಲಿಗೇ ಅಲ್ವಾ ನಮ್ಮ ದೊಡ್ಡಪ್ಪನ ಮೊಮ್ಮಗಳ ಕೊಟ್ಟಿರೋದು!" ಎನ್ನುತ್ತ ಬಂದಳು. ಕಾಫಿ ಇಳಿಯುವಷ್ಟರಲ್ಲಿ ಪುಟ್ಟತಾಯಮ್ಮ ನಮಗೆ ಬೀಗಿತ್ತಿಯಾಗಬೇಕಾದವರೆಂದು ತೀರ್ಮಾನವಾಯಿತು. ಬೀಗಿತ್ತಿಯ ಹತ್ತಿರ ಬೆಲೆಯ ಮಾತು ಹೇಗೆ ನಿಲ್ಲುತ್ತದೆ, ನೀವೇ ಹೇಳಿ. ಬರೀ ವೈರಿನ ದುಡ್ಡಿಗೆ ಒಪ್ಪಿಕೊಂಡೆ.

ಗುಲಾಬಿ ಬ್ಯಾಗುಗಳನ್ನು ಹೆಣೆದೆ, ಹೆಣೆದೆ, ಹೆಣೆಯುತ್ತಲೇ ಹೋದೆ. ಬಣ್ಣ ಆರಿಸುವ ಹಾಗಿಲ್ಲ, ನಡುವೆ ಚೌಕುಳಿ ಹಾಕುವ ಹಾಗಿಲ್ಲ, ಯಾರ ಕೈಗೆ ಹೋಗುತ್ತದೆಂದು ನೆನೆಯುವ ಹಾಗಿಲ್ಲ. ಕನ್ನಡಿಯಲ್ಲಿ ನನ್ನ ಮುಖವೂ ಗುಲಾಬಿಯಾಗಿ ಕಾಣತೊಡಗಿತು. ಕೊನೆಗೆ ಬ್ಯಾಗುಗಳನ್ನು ಕೊಂಡೊಯ್ಯಲು ಟೆಂಪೋ ಬಂದಾಗ ಸಾವಿತ್ರಿ ಅಡ್ಡ ನಿಂತಳು. "ಮದುವೆ ಮನೆಗೆ ಬರೀ ಬ್ಯಾಗ್ ಕಳ್ಸೋದಾ? ಒಳ್ಳೇದಾ ಅದು?" ನಮ್ಮ ಹಿತ್ತಲ ತೆಂಗಿನಮರಗಳು ಅವತ್ತು ಬೋಳಾದವು. ಒಂದೊಂದು ಬ್ಯಾಗಿಗೂ ಒಂದೊಂದು ಕಾಯಿ ಕೂತಿತು. ಸಾಲದ್ದಕ್ಕೆ ನೆರೆಮನೆಯಿಂದಲೂ ಕಾಯಿ ತಂದೆವು. "ಬೆಲೇಲಿ ಕಾಯಿನೂ ಸೇರ್ಸಬೇಕಿತ್ತಮ್ಮ" ಎಂದು ಸುಮಾ ಫೋನಿನಲ್ಲಿ ಅತ್ತಳು. "ತಾಂಬೂಲದ ಕಾಯಿಗೆ ದುಡ್ಡು ಇಸ್ಕೊಳ್ಳೋಕೆ ನಿಮ್ಮ ಸ್ಕೂಲಲ್ಲಿ ಹೇಳ್ಕೊಟ್ರಾ?" ಎಂದು ಇವಳು ಫೋನಿಟ್ಟಳು. ಪುಟ್ಟತಾಯಮ್ಮನವರು ಮದುವೆಯಲ್ಲಿ ಬಂದವರಿಗೆಲ್ಲ ಬಾಯಿತುಂಬ ಹೊಗಳಿದರಂತೆ. ಮಾರನೆಯ ವಾರದಿಂದ ಕೇಳಿಕೊಂಡು ಬಂದವರೆಲ್ಲರ ಪ್ರಶ್ನೆ ಒಂದೇ: "ಕಾಯಿ ಸಮೇತ ಬ್ಯಾಗ್ ಕೊಡೋರ ಮನೆ ಇದೇನಾ?"

ಇದೆಲ್ಲ ನಗುವ ವಿಷಯವೇ. ನಾನೂ ನಕ್ಕೆ. ಆದರೆ ಆ ಗದ್ದಲದಲ್ಲಿ ಒಂದನ್ನು ನಾನು ಗಮನಿಸಿರಲಿಲ್ಲ. ಫ್ಲೆಕ್ಸು ಕಟ್ಟಿದ ದಿನದಿಂದ ಜಗಲಿಯ ಮೇಲೆ ಊರಿನವರು ಯಾರೂ ಕೂತಿರಲಿಲ್ಲ. ದಾರಿಯ ಆ ಅಂಚಿಗೆ ಸರಿದು ಹೋಗುತ್ತಿದ್ದರು. "ಎಲ್ಲಿಗೆ?" ಎಂದು ಕೂಗಿದರೆ "ಇಲ್ಲೇ, ಇಲ್ಲೇ" ಎಂದು ಕಾಲು ಬೇಗ ಹಾಕುತ್ತಿದ್ದರು. ಟಿಕೆಟ್ ತೆಗೆದುಕೊಳ್ಳದವನು ಕಂಡಕ್ಟರನ್ನು ಕಂಡರೆ ಮುಖ ತಿರುಗಿಸುವ ರೀತಿ ನನಗೆ ಗೊತ್ತಿಲ್ಲವೇ? ನಿಂತರೆ ಎಲ್ಲಿ ಕೊಳ್ಳಬೇಕಾಗುತ್ತದೋ ಎಂಬ ಸಂಕೋಚ. ಮೊದಲೇ ಪುಕ್ಕಟೆ ಬ್ಯಾಗು ಪಡೆದವರಿಗಂತೂ ಇನ್ನೂ ಸಂಕೋಚ. ಬೋರೇಗೌಡನೂ ಡೈರಿಯಿಂದ ನೇರ ಮನೆಗೆ ಹೋಗುತ್ತಿದ್ದ. ಇನ್ನೊಂದು ಹಸು ಕರು ಹಾಕಿದೆ, ಪುರಸೊತ್ತಿಲ್ಲ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡಿದ್ದೆ.

ಈಗ ಚಿಲಕದಲ್ಲಿ ಈ ಬ್ಯಾಗು. ಎಷ್ಟಾಯ್ತದೆ ಕೇಳಿಡವ್ವ.

ಸಾವಿತ್ರಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಅವ್ರಿಗೆ ಎಷ್ಟು ಅಂತ ಹೇಳ್ಲಿ?" ಅಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನನಗೆ ದುಃಖ ಒತ್ತರಿಸಿ ಬಂತು. ನನಗೆ ಬೇಕಾಗಿದ್ದದ್ದು ಬ್ಯಾಗು ಮಾರುವುದೂ ಅಲ್ಲ, ಬೋರ್ಡೂ ಅಲ್ಲ. ಯಾರಾದರೂ ನಿಲ್ಲಬೇಕು, ನಾನು ಎಲ್ಲಿಗೆಂದು ಕೇಳಬೇಕು, ಅವರು ಹೇಳಬೇಕು. ಇಷ್ಟಕ್ಕಾಗಿ ನಾನು ವೈರು ಹಿಡಿದವನು. ಬೋರ ಬರದ ಜಗಲಿಯ ಮೇಲೆ ಕೂತು ಯಾವ ಗುಲಾಬಿ ಬ್ಯಾಗು ಹೆಣೆದರೇನು?

ಅವರೆಕಾಯಿಯನ್ನು ಮೊರಕ್ಕೆ ಸುರಿದು, ಹೊಸ ವೈರಿನ ಕಟ್ಟು ಬಿಚ್ಚಿದೆ. ಹಸಿರಿಗೆ ಹಸಿರೇ ಸೇರಿಸಿ ಹಿಡಿ ಹೆಣೆದೆ. ಒಂದಕ್ಕೆ ಎರಡು ಎಳೆ ಹಾಕಿ ಬಿಗಿದೆ. ನಾನೇ ಕೊಟ್ಟುಬರುತ್ತೇನೆಂದು ಎದ್ದರೆ, ಸಾವಿತ್ರಿ ಅಭ್ಯಾಸದಂತೆ ಕಾಯಿ ಹುಡುಕಲು ಒಳಗೆ ಹೋದಳು. ಹಿತ್ತಲಲ್ಲಿ ಕಾಯಿ ಎಲ್ಲಿತ್ತು? "ಏನೂ ಇಲ್ವಲ್ರೀ. ಬರೀ ಬ್ಯಾಗ್ ಹೆಂಗೆ ಕೊಡೋದು?" ಎಂದು ಪೇಚಾಡಿದಳು. ನಾನು ತಲೆಯೆತ್ತಿ ನೋಡಿದೆ. ಮೇಲೆ ಹಾರ ಹಾಕಿಕೊಂಡು ನಾನೇ ನಗುತ್ತಿದ್ದೆ. ಸ್ಟೂಲು ಹಾಕಿ ಹತ್ತಿ, ಫ್ಲೆಕ್ಸಿನ ಕಟ್ಟು ಬಿಚ್ಚಿ, ಮಡಚಿ ಮಡಚಿ ಬ್ಯಾಗಿಗೆ ತುರುಕಿದೆ. ಸಾವಿತ್ರಿ ಸ್ಟೂಲನ್ನು ಒಳಗೆ ತೆಗೆದುಕೊಂಡು ಹೋದಳು.

ಬೋರೇಗೌಡ ಕೊಟ್ಟಿಗೆಯಲ್ಲಿದ್ದ. ಎಳೆ ಕರುವಿಗೆ ಚಳಿಗಾಳಿ ಹೊಡೆಯದಿರಲೆಂದು ಬಾಗಿಲಿಗೆ ಹರಕು ಗೋಣಿ ಕಟ್ಟುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅವನು ನನಗೆ ಎದ್ದು ನಿಂತದ್ದು ಅದೇ ಮೊದಲು. ಅದೂ ನನಗೆ ಹಿಡಿಸಲಿಲ್ಲ.

"ನೀನ್ಯಾಕೆ ತರಕ್ಕೋದೆ? ನಾನೇ ಬತ್ತಿದ್ದೆ. ಎಷ್ಟಾಯ್ತು?" ಎಂದು ಜೇಬಿಗೆ ಕೈಹಾಕಿದ.

"ಜೇಬಿಂದ ಕೈ ತಗೀಲಾ" ಅಂದೆ. ನನ್ನ ಹಳೆಯ ಗಂಟಲು ಎಲ್ಲಿತ್ತೋ ಬಂದುಬಿಟ್ಟಿತು. ಕೊಟ್ಟಿಗೆಯ ಹಸು ತಿರುಗಿ ನೋಡಿತು. "ಒಳಗೆ ಏನೈತೆ ನೋಡು."

ಅವನು ಫ್ಲೆಕ್ಸನ್ನು ಎಳೆದು ಬಿಡಿಸಿದ. ನನ್ನ ಮುಖ ಮಡಿಕೆ ಮಡಿಕೆಯಾಗಿ ಹೊರಗೆ ಬಂತು. ಬೋರ ಅದನ್ನೂ ನೋಡಿದ, ನನ್ನನ್ನೂ ನೋಡಿದ.

"ಇದ್ಯಾಕ್ಲಾ ಬಿಚ್ಕೊಬಂದೆ?"

"ಬರೀ ಬ್ಯಾಗ್ ಕೊಡಬಾರ್ದಲ್ಲ. ಗಾಳಿ ಬತ್ತದಲ್ಲ, ಕಟ್ಕೋ ಇಲ್ಲಿಗೆ."

ಅವನು ಗೋಣಿ ಕಿತ್ತೆಸೆದು, "ಹಿಡ್ಕೋ ಆ ಕಡೆ ತುದಿಯ" ಅಂದ. ಇಬ್ಬರೂ ಸೇರಿ ಕಟ್ಟಿದೆವು. ಕಟ್ಟುವಾಗ, "ಮೂತಿ ಆಚೆ ಕಡೀಕೆ ಮಾಡ್ಲಾ. ಒಳಗಡೀಕೆ ಮಾಡಿ ಹಸ ಹಾಲು ಕಮ್ಮಿ ಕೊಟ್ರೆ ನೀನೇ ತುಂಬಿಕೊಡ್ಬೇಕಾಯ್ತದೆ" ಅಂದ. ಮಾತು ಉದ್ದವಾಗಿತ್ತು. ನನ್ನ ಜೀವ ತಣ್ಣಗಾಯಿತು.

ಸುಮಾಳಿಗೆ ಫೋನು ಮಾಡಿ ಹೇಳಿದೆ. ನಾನು ಇಷ್ಟಪಟ್ಟಾಗ ಇಷ್ಟದ ಬಣ್ಣದಲ್ಲಿ ಹೆಣೆದದ್ದನ್ನು ನಾಗಮಂಗಲಕ್ಕೆ ಕಳಿಸುತ್ತೇನೆ; ಅಲ್ಲಿ ಮಾರಿಕೋ, ಬೆಲೆ ನಿನ್ನದು, ನಮ್ಮ ಜಗಲಿ ಮಾತ್ರ ಅಂಗಡಿಯಲ್ಲ. ಅವಳು ಸ್ವಲ್ಪ ಮುನಿಸಿಕೊಂಡಳು. ಆಮೇಲೆ, "ಕಳಿಸುವಾಗ ಅಮ್ಮನಿಗೆ ಹೇಳಬೇಡ. ಕಾಯಿ ಹಾಕ್ತಾಳೆ" ಅಂದಳು. ಹೇಳಲಿಲ್ಲ. ಆದರೂ ಹೋದ ವಾರದ ಕಟ್ಟಿನಲ್ಲಿ ಬ್ಯಾಗಿಗೊಂದು ನಿಂಬೆಹಣ್ಣು ಇತ್ತಂತೆ.

ಫ್ಲೆಕ್ಸು ಬಿಚ್ಚಿದ ಮಾರನೆಯ ಸಂಜೆ ನಾನು ಹಳದಿ ವೈರು ಹಿಡಿದು ಜಗಲಿಯ ಮೇಲೆ ಕೂತಿದ್ದೆ. ಡೈರಿಯ ಕಡೆಯಿಂದ ಖಾಲಿ ಕ್ಯಾನಿನ ಸದ್ದು ಬಂತು. ದಾರಿಯ ಆ ಅಂಚಿನಿಂದ ಈ ಅಂಚಿಗೆ ಬಂತು. ತಲೆಯೆತ್ತಿದರೆ ಎಲ್ಲಿ ಕಣ್ಣು ಒದ್ದೆಯಾಗಿರುವುದು ಕಂಡುಬಿಡುತ್ತದೋ ಎಂದು ಗಂಟಿನ ಮೇಲೇ ಕಣ್ಣಿಟ್ಟು ಕೇಳಿದೆ.

"ಎಲ್ಲಿಗೆ?"

ಕ್ಯಾನನ್ನು ಕೆಳಗಿಟ್ಟ ಸದ್ದಾಯಿತು. ಪಕ್ಕದಲ್ಲಿ ಕೂತ.

"ಎಲ್ಗೂ ಇಲ್ಲ ಕಣ್ಲಾ. ಇಲ್ಗೇ."